ಮುಚ್ಚಳಿಕೆಗೆ ಸಹಿ ಹಾಕಿಸುವ ದಿನವೇ ಷರತ್ತುಗಳನ್ನು ತಿಳಿಸಿ ಹೇಳಿ: ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಅಧ್ಯಕ್ಷರು ಹಾಗೂ ಸದಸ್ಯ ಕಾರ್ಯದರ್ಶಿಗಳು,
ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ,
ಕಲಬುರಗಿ.

ವಿಷಯ: ಪ್ರೊಬೇಷನ್ ಮೇಲೆ ಬಿಡುಗಡೆಯಾದವರು, ಅದರಲ್ಲೂ ಗುಳೆ ಹೋಗುವ ಕುಟುಂಬಗಳವರು, ತಿಳಿಯದೆ ಷರತ್ತು ಮುರಿದು ಮತ್ತೆ ಬಂಧನಕ್ಕೆ ಒಳಗಾಗುವುದನ್ನು ತಡೆಯುವ ಕುರಿತು.

ಮಾನ್ಯರೇ,

ಅಪರಾಧ ಸಾಬೀತಾದ ಮೇಲೂ ಆರೋಪಿಯನ್ನು ಜೈಲಿಗೆ ಕಳಿಸದೆ, ಸದ್ವರ್ತನೆಯ ಮುಚ್ಚಳಿಕೆ ಬರೆಸಿಕೊಂಡು ಮನೆಗೆ ಕಳಿಸುವ ಅಧಿಕಾರವನ್ನು 1958ರ ಅಪರಾಧಿಗಳ ಪರಿವೀಕ್ಷಣಾ ಅಧಿನಿಯಮವು ನ್ಯಾಯಾಲಯಗಳಿಗೆ ಕೊಟ್ಟಿದೆ. ಕೋರ್ಟಿನ ಆವರಣದಲ್ಲಿ ನಾವೆಲ್ಲ ಪ್ರೊಬೇಷನ್ ಎಂದು ಕರೆಯುವುದು ಇದನ್ನೇ. ಕಲಬುರಗಿ ಜಿಲ್ಲೆಯ ನ್ಯಾಯಾಲಯಗಳಲ್ಲಿ ಕ್ರಿಮಿನಲ್ ಪ್ರಕರಣಗಳನ್ನು ನಡೆಸುವ ವಕೀಲೆಯಾಗಿ ಈ ಕಾಯ್ದೆಯಿಂದ ಬದುಕು ಉಳಿಸಿಕೊಂಡವರನ್ನು ನಾನು ಕಂಡಿದ್ದೇನೆ. ಅದೇ ಕಾಯ್ದೆಯಡಿ ಬಿಡುಗಡೆಯಾಗಿ, ತಾವು ಯಾವುದಕ್ಕೆ ಸಹಿ ಹಾಕಿದ್ದೇವೆ ಎಂಬುದು ತಿಳಿಯದ ಒಂದೇ ಕಾರಣಕ್ಕೆ ಮತ್ತೆ ಕಟಕಟೆಗೆ ಬಂದು ನಿಂತವರನ್ನೂ ಕಂಡಿದ್ದೇನೆ. ಈ ಎರಡನೆಯವರ ಸಲುವಾಗಿ ಈ ಪತ್ರ. ತಮಗೆ ಕಾನೂನು ಹೇಳಿಕೊಡುವ ಉದ್ದೇಶ ನನಗಿಲ್ಲ. ಇದನ್ನು ಬಹಿರಂಗವಾಗಿ ಬರೆಯುತ್ತಿರುವುದು ಊರಿನ ಹಿರಿಯರು, ಜಾಮೀನು ನಿಲ್ಲುವವರು, ಪಂಚಾಯಿತಿ ಸದಸ್ಯರು ಕೂಡ ಓದಲಿ ಎಂದು. ಹೀಗಾಗಿ ತಮಗೆ ಗೊತ್ತಿರುವ ಕೆಲವು ಸಂಗತಿಗಳನ್ನು ಅವರಿಗಾಗಿ ವಿವರಿಸಬೇಕಾಗಿದೆ, ದಯವಿಟ್ಟು ಸಹಿಸಬೇಕು.

ಮೊದಲನೆಯದಾಗಿ, ಪ್ರೊಬೇಷನ್ ಎಂದರೆ ಖುಲಾಸೆಯಲ್ಲ. ಜಾಮೀನೂ ಅಲ್ಲ, ಪೆರೋಲೂ ಅಲ್ಲ. ಜಾಮೀನು ವಿಚಾರಣೆ ನಡೆಯುತ್ತಿರುವಾಗ ಸಿಗುವಂಥದ್ದು. ಪೆರೋಲ್ ಶಿಕ್ಷೆ ಅನುಭವಿಸುತ್ತಿರುವ ಕೈದಿಗೆ ಕೆಲವು ದಿನಗಳ ಮಟ್ಟಿಗೆ ಸಿಗುವಂಥದ್ದು. ಪ್ರೊಬೇಷನ್ನಿನಲ್ಲಿ ವಿಚಾರಣೆ ಮುಗಿದಿರುತ್ತದೆ, ತಪ್ಪಿತಸ್ಥನೆಂದು ನ್ಯಾಯಾಲಯ ಹೇಳಿಯೂ ಆಗಿರುತ್ತದೆ, ಆದರೆ ಶಿಕ್ಷೆಯನ್ನು ಮಾತ್ರ ವಿಧಿಸಿರುವುದಿಲ್ಲ. ಕಾಯ್ದೆಯ 4ನೇ ಕಲಂ ಪ್ರಕಾರ ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಗೆ ಗುರಿಯಾಗದ ಅಪರಾಧಗಳಲ್ಲಿ, ಪ್ರಕರಣದ ಸಂದರ್ಭ, ಅಪರಾಧದ ಸ್ವರೂಪ ಮತ್ತು ಅಪರಾಧಿಯ ನಡತೆಯನ್ನು ನೋಡಿ, ಮೂರು ವರ್ಷ ಮೀರದ ಅವಧಿಗೆ ಶಾಂತಿಯಿಂದ ಮತ್ತು ಸದ್ವರ್ತನೆಯಿಂದ ಇರುತ್ತೇನೆ, ಕರೆದಾಗ ಬಂದು ಶಿಕ್ಷೆ ಸ್ವೀಕರಿಸುತ್ತೇನೆ ಎಂಬ ಮುಚ್ಚಳಿಕೆಯ ಮೇಲೆ ಅವನನ್ನು ಬಿಡಬಹುದು. ಸಣ್ಣ ಕಳವಿನಂತಹ ಪ್ರಕರಣಗಳಲ್ಲಿ, ಹಿಂದೆ ಯಾವ ಅಪರಾಧವೂ ಸಾಬೀತಾಗಿರದಿದ್ದರೆ, 3ನೇ ಕಲಂ ಅಡಿ ಬರೀ ಎಚ್ಚರಿಕೆ ನೀಡಿಯೂ ಬಿಡಬಹುದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 401ನೇ ಕಲಮಿನಲ್ಲೂ ಇಂಥದೇ ಅವಕಾಶವಿದೆ; ಅವಕಾಶವಿದ್ದೂ ಬಳಸದಿದ್ದರೆ ಅದಕ್ಕೆ ವಿಶೇಷ ಕಾರಣಗಳನ್ನು ದಾಖಲಿಸಬೇಕೆಂದು 402ನೇ ಕಲಂ ಹೇಳುತ್ತದೆ. ಹದಿನೆಂಟು ತುಂಬದವರ ವಿಚಾರವೇ ಬೇರೆ, ಅದು ಬಾಲನ್ಯಾಯ ಕಾಯ್ದೆಗೆ ಸೇರಿದ್ದು.

ಇದು ಎಲ್ಲರಿಗೂ ಸಿಗುವ ರಿಯಾಯಿತಿಯೂ ಅಲ್ಲ. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆಯಡಿ ತಪ್ಪಿತಸ್ಥರಾದ ಹದಿನೆಂಟು ಮೀರಿದವರಿಗೆ ಇದು ಅನ್ವಯಿಸುವುದಿಲ್ಲ, ಮತ್ತು ಅದು ಸರಿಯೇ ಎಂಬುದು ನನ್ನ ನಿಲುವು. ಮಾದಕ ವಸ್ತುಗಳ ಕಾಯ್ದೆಯಲ್ಲೂ ಬಹುಪಾಲು ಬಾಗಿಲು ಮುಚ್ಚಿದೆ. ಅಜಾಗರೂಕ ಚಾಲನೆಯಿಂದ ಜೀವ ತೆಗೆದ ಪ್ರಕರಣಗಳಲ್ಲಿ ಈ ಕಾಯ್ದೆಯ ಔದಾರ್ಯ ಸಲ್ಲದೆಂದು ಸುಪ್ರೀಂ ಕೋರ್ಟು 2000ದಲ್ಲಿ ದಲ್ಬೀರ್ ಸಿಂಗ್ ಪ್ರಕರಣದಲ್ಲಿ ಹೇಳಿದೆ.

ಆದರೆ ಇಪ್ಪತ್ತೊಂದು ವರ್ಷದೊಳಗಿನವರ ವಿಷಯದಲ್ಲಿ ಕಾಯ್ದೆ ಒಂದು ಹೆಜ್ಜೆ ಮುಂದೆ ಹೋಗಿದೆ. 6ನೇ ಕಲಂ ಪ್ರಕಾರ, ಜೀವಾವಧಿ ಶಿಕ್ಷೆಗೆ ಗುರಿಯಾಗದ ಅಪರಾಧದಲ್ಲಿ ಅಂಥ ಹುಡುಗನಿಗೆ ನೇರವಾಗಿ ಕಾರಾಗೃಹ ವಾಸ ವಿಧಿಸುವಂತಿಲ್ಲ. ಪರಿವೀಕ್ಷಣಾಧಿಕಾರಿಯಿಂದ, ಅಂದರೆ ಪ್ರೊಬೇಷನ್ ಅಧಿಕಾರಿಯಿಂದ, ವರದಿ ತರಿಸಿಕೊಳ್ಳಬೇಕು, ಅದನ್ನು ಪರಿಗಣಿಸಬೇಕು, ಆ ಮೇಲೂ ಜೈಲೇ ಸರಿ ಎನಿಸಿದರೆ ಕಾರಣ ಬರೆಯಬೇಕು. ಎಳೆಯರು ಪಳಗಿದ ಅಪರಾಧಿಗಳ ಸಹವಾಸಕ್ಕೆ ಬಿದ್ದು ತಾವೂ ಹಾಗೆಯೇ ಆಗಬಾರದೆಂಬುದೇ ಈ ಕಾನೂನಿನ ಉದ್ದೇಶವೆಂದು 1972ರಲ್ಲಿ ಜುಗಲ್ ಕಿಶೋರ್ ಪ್ರಸಾದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತ್ತು. ವಯಸ್ಸನ್ನು ಲೆಕ್ಕ ಹಾಕುವುದು ಕೃತ್ಯ ನಡೆದ ದಿನದಿಂದಲ್ಲ, ತಪ್ಪಿತಸ್ಥನೆಂದು ತೀರ್ಮಾನವಾಗಿ ಶಿಕ್ಷೆಯ ಪ್ರಶ್ನೆ ಬಂದ ದಿನದಿಂದ. ಹತ್ತೊಂಬತ್ತರಲ್ಲಿ ತಪ್ಪು ಮಾಡಿದವನ ಕೇಸು ನಾಲ್ಕು ವರ್ಷ ಎಳೆದರೆ 6ನೇ ಕಲಮಿನ ರಕ್ಷಣೆ ಅವನ ಕೈತಪ್ಪಿ ಹೋಗುತ್ತದೆ. ವಿಳಂಬದ ಬೆಲೆಯನ್ನು ಹೀಗೆ ಹುಡುಗ ತೆರುತ್ತಾನೆ ಎಂಬುದು ನನ್ನನ್ನು ಯಾವಾಗಲೂ ಕಾಡುವ ಮಾತು, ಆದರೆ ಅದು ಇನ್ನೊಂದು ಪತ್ರದ ವಿಷಯ.

ಈಗ ನನ್ನ ಮುಖ್ಯ ವಿಷಯಕ್ಕೆ ಬರುತ್ತೇನೆ. ಮುಚ್ಚಳಿಕೆಯ ಜೊತೆಗೆ ನ್ಯಾಯಾಲಯವು ಮೇಲ್ವಿಚಾರಣೆಯ ಆದೇಶವನ್ನೂ ಹೊರಡಿಸಬಹುದು. ಆಗ ಬಿಡುಗಡೆಯಾದವನು ಕನಿಷ್ಠ ಒಂದು ವರ್ಷ ಹೆಸರಿಸಿದ ಪರಿವೀಕ್ಷಣಾಧಿಕಾರಿಯ ನಿಗಾದಲ್ಲಿರಬೇಕು. ಎಲ್ಲಿ ವಾಸ ಮಾಡಬೇಕು, ಕುಡಿತದಿಂದ ದೂರ ಇರಬೇಕು, ಯಾವಾಗ ಅಧಿಕಾರಿಯ ಮುಂದೆ ಹಾಜರಾಗಬೇಕು ಎಂಬಂಥ ಷರತ್ತುಗಳು ಅದರಲ್ಲಿರುತ್ತವೆ. ಕೃಷಿಯ ಮೇಲೆ ವರ್ಷವಿಡೀ ಬದುಕುವ ಊರಿನಲ್ಲಿ ಇವು ಕಷ್ಟದ ಷರತ್ತುಗಳಲ್ಲ. ನಮ್ಮ ಜಿಲ್ಲೆಯ ಸ್ಥಿತಿ ಹಾಗಿಲ್ಲ. ತೊಗರಿ ಕಣಜ ಎಂದು ಹೆಸರಾದ ಈ ನಾಡಿನಲ್ಲಿ ರಾಶಿ ಮುಗಿದ ಮೇಲೆ ಕೂಲಿಯವರಿಗೆ ಕೈಗೆ ಕೆಲಸವಿರುವುದಿಲ್ಲ. ಚಿಂಚೋಳಿಯ ತಾಂಡಾಗಳಿಂದ, ಸೇಡಂ, ಚಿತ್ತಾಪುರ, ಪಕ್ಕದ ಯಾದಗಿರಿಯ ಹಳ್ಳಿಗಳಿಂದ ಜನ ಮಕ್ಕಳು ಮರಿ ಕಟ್ಟಿಕೊಂಡು ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದಿಗೆ ಗುಳೆ ಹೋಗುತ್ತಾರೆ. ವಾಡಿಯಲ್ಲೋ ಯಾದಗಿರಿಯಲ್ಲೋ ಉದ್ಯಾನ್ ಎಕ್ಸ್‌ಪ್ರೆಸ್ಸಿನ ಜನರಲ್ ಡಬ್ಬಿ ಹತ್ತುವ ಆ ಗುಂಪಿನಲ್ಲಿ ಮುಚ್ಚಳಿಕೆ ಬರೆದುಕೊಟ್ಟ ಹುಡುಗರೂ ಇರುತ್ತಾರೆ. ಮತ್ತೆ ಅವರು ಊರು ಕಾಣುವುದು ಜಾತ್ರೆಗೆ, ಹಬ್ಬಕ್ಕೆ, ಇಲ್ಲವೇ ಮುಂಗಾರಿನ ಹೊತ್ತಿಗೆ.

ನನ್ನ ಕೈಗೆ ಬಂದ ಒಂದು ಪ್ರಕರಣವನ್ನು, ಯಾರ ಗುರುತೂ ಸಿಗದಂತೆ, ತಮ್ಮ ಮುಂದಿಡುತ್ತೇನೆ. ಹುಡುಗನಿಗೆ ಇನ್ನೂ ಇಪ್ಪತ್ತೊಂದು ತುಂಬಿರಲಿಲ್ಲ. ಪಕ್ಕದ ಹೊಲದ ಬೋರ್‌ವೆಲ್ಲಿನ ಕೇಬಲ್ ಕತ್ತರಿಸಿ, ಸುಟ್ಟು, ತಾಮ್ರ ಮಾರಿದ್ದನೆಂಬುದು ಅವನ ಮೇಲಿನ ಆರೋಪ, ಅದು ಸಾಬೀತೂ ಆಯಿತು. ಅಧಿಕಾರಿಯ ವರದಿ ಅನುಕೂಲಕರವಾಗಿತ್ತು. ಎರಡು ವರ್ಷದ ಮುಚ್ಚಳಿಕೆ, ಮೇಲ್ವಿಚಾರಣೆ, ಸ್ವಂತ ಊರಿನಲ್ಲೇ ವಾಸ, ತಿಂಗಳಿಗೊಮ್ಮೆ ಹಾಜರಿ ಎಂಬ ಷರತ್ತುಗಳ ಮೇಲೆ ನ್ಯಾಯಾಲಯ ಅವನನ್ನು ಬಿಟ್ಟಿತು. ಸೋದರಮಾವ ಪಹಣಿ ತಂದು ಜಾಮೀನು ನಿಂತ. ಆದೇಶ ಇಂಗ್ಲಿಷಿನಲ್ಲಿತ್ತು. ಸಹಿ ಹಾಕಿಸುವ ಮೇಜಿನ ಮುಂದೆ ಅಂದು ಉದ್ದನೆಯ ಸಾಲಿತ್ತು. ಅಲ್ಲಿ ಆ ಹುಡುಗನಿಗೆ ಅರ್ಥವಾದದ್ದು ತನ್ನನ್ನು ಬಿಟ್ಟಿದ್ದಾರೆ ಎಂಬುದಷ್ಟೇ. ಮೊದಲ ಕೆಲವು ತಿಂಗಳು ಅಧಿಕಾರಿಯ ಕಚೇರಿಗೆ ಹೋಗಿ ಬಂದ. ರಾಶಿ ಮುಗಿದ ಮೇಲೆ ಮನೆಯವರೆಲ್ಲ ಸೆಂಟ್ರಿಂಗ್ ಕೆಲಸಕ್ಕೆಂದು ಬೆಂಗಳೂರಿನ ಹಾದಿ ಹಿಡಿದರು, ಮೇಸ್ತ್ರಿ ಮುಂಗಡ ಕೊಟ್ಟಾಗಿತ್ತು. ಅಧಿಕಾರಿ ಊರಿಗೆ ಹೋದಾಗ ಮನೆಗೆ ಬೀಗ. ವರದಿ ನ್ಯಾಯಾಲಯಕ್ಕೆ ಹೋಯಿತು, ಸಮನ್ಸ್ ಜಾರಿಯಾಗದೆ ವಾಪಸ್ಸಾಯಿತು, ವಾರಂಟ್ ಹೊರಟಿತು. ಯುಗಾದಿಗೆಂದು ಊರಿಗೆ ಬಂದವನನ್ನು ಪೊಲೀಸರು ಮನೆಯಿಂದಲೇ ಕರೆದೊಯ್ದರು.

ಅವನ ತಾಯಿ ನನ್ನ ಮುಂದೆ ಕುಳಿತು ಕೇಳಿದ ಮಾತು ಇದು: "ಸಾಹೇಬ್ರು ಬಿಟ್ಟು ಕಳಿಸ್ಯಾರ ಅಂದಮ್ಯಾಲ ಕೇಸ್ ಮುಗದದ ಅಂತ ತಿಳ್ಕೊಂಡಿದ್ವಿರಿ ಮೇಡಂ. ಹೊಟ್ಟಿಪಾಡಿಗಿ ದುಡಿಲಾಕ ಹೋಗಿದ್ದು ತಪ್ಪೇನ್ರಿ?"

ದುಡಿಯಲು ಹೋದದ್ದು ತಪ್ಪಲ್ಲ, ಹೇಳದೆ ಹೋದದ್ದು ಷರತ್ತಿನ ಉಲ್ಲಂಘನೆ ಎಂದು ನಾನು ಅವರಿಗೆ ವಿವರಿಸಿದೆ. ಅದನ್ನು ಆ ಮನೆಯವರಿಗೆ ಯಾರಾದರೂ ಬಿಡಿಸಿ ಹೇಳಿದ್ದು ಅದೇ ಮೊದಲ ಸಲ.

ಉಲ್ಲಂಘನೆಯಾದಾಗ ಏನಾಗುತ್ತದೆ ಎಂಬುದು 9ನೇ ಕಲಮಿನಲ್ಲಿದೆ. ಆದೇಶ ಮಾಡಿದ ನ್ಯಾಯಾಲಯಕ್ಕೆ, ಪರಿವೀಕ್ಷಣಾಧಿಕಾರಿಯ ವರದಿಯಿಂದಾಗಲಿ ಬೇರೆ ಮೂಲದಿಂದಾಗಲಿ, ಷರತ್ತು ಪಾಲನೆಯಾಗಿಲ್ಲ ಎಂದು ನಂಬಲು ಕಾರಣ ಸಿಕ್ಕರೆ ಅದು ಬಂಧನದ ವಾರಂಟ್ ಹೊರಡಿಸಬಹುದು, ಇಲ್ಲವೇ ಅವನಿಗೂ ಜಾಮೀನುದಾರರಿಗೂ ಸಮನ್ಸ್ ಕಳಿಸಬಹುದು. ಹಾಜರುಪಡಿಸಿದ ಮೇಲೆ ವಿಚಾರಣೆ ಮುಗಿಯುವವರೆಗೆ ನ್ಯಾಯಾಂಗ ಬಂಧನಕ್ಕೆ ಕಳಿಸಬಹುದು ಅಥವಾ ಜಾಮೀನು ಕೊಡಬಹುದು. ವಿಚಾರಣೆ ನಡೆಸದೆ ಯಾರನ್ನೂ ಶಿಕ್ಷಿಸುವಂತಿಲ್ಲ. ಹಾಜರಿ ತಪ್ಪಿದ್ದೇಕೆ, ಆಸ್ಪತ್ರೆಯಲ್ಲಿದ್ದನೇ, ದುಡಿಯಲು ಹೋಗಿದ್ದನೇ ಎಂಬುದನ್ನೆಲ್ಲ ಹೇಳಿಕೊಳ್ಳುವ ಹಕ್ಕು ಅವನಿಗಿದೆ. ಆದರೆ ಉಲ್ಲಂಘನೆ ಸಾಬೀತಾದರೆ ಈ ಕಲಂ ನ್ಯಾಯಾಧೀಶರ ಮುಂದಿಡುವ ಹಾದಿಗಳು ಎರಡೇ. ಮೂಲ ಅಪರಾಧಕ್ಕೆ ಶಿಕ್ಷೆ ವಿಧಿಸುವುದು ಒಂದು. ಇಲ್ಲಿ ನೆನಪಿಡಬೇಕಾದದ್ದೆಂದರೆ, ಬಿಡುವಾಗ ಯಾವ ಶಿಕ್ಷೆಯನ್ನೂ ವಿಧಿಸಿಯೇ ಇರಲಿಲ್ಲವಾದ್ದರಿಂದ ಶಿಕ್ಷೆಯ ಪ್ರಮಾಣದ ಪ್ರಶ್ನೆ ಆಗ ಹೊಸದಾಗಿ ತೆರೆದುಕೊಳ್ಳುತ್ತದೆ. ಕಳವಾದರೆ ಮೂರು ವರ್ಷದವರೆಗಿನ ಕಾರಾಗೃಹ ವಾಸಕ್ಕೂ ಅವಕಾಶವಿದೆ. ಇನ್ನೊಂದು ಹಾದಿ, ತಪ್ಪಿದ್ದು ಇದೇ ಮೊದಲ ಸಲವಾದರೆ ಮಾತ್ರ, ಮುಚ್ಚಳಿಕೆಯನ್ನು ಹಾಗೆಯೇ ಮುಂದುವರಿಸಿ ಐವತ್ತು ರೂಪಾಯಿ ಮೀರದ ದಂಡ ಹಾಕುವುದು. ಗೊತ್ತುಪಡಿಸಿದ ದಿನದೊಳಗೆ ಆ ದಂಡ ಕಟ್ಟದಿದ್ದರೆ ಮತ್ತೆ ಮೂಲ ಅಪರಾಧಕ್ಕೆ ಶಿಕ್ಷೆ ವಿಧಿಸಬಹುದು.

ಐವತ್ತು ರೂಪಾಯಿ ಎಂಬುದು 1958ರ ಐವತ್ತು ರೂಪಾಯಿ. ಒಂದು ಕಡೆ ಒಂದು ಹೊತ್ತಿನ ಊಟದ ಖರ್ಚಿನಷ್ಟು ದಂಡ, ಇನ್ನೊಂದು ಕಡೆ ವರ್ಷಗಟ್ಟಲೆ ಜೈಲು, ನಡುವೆ 9ನೇ ಕಲಂನಲ್ಲಿ ಬೇರೆ ಮೆಟ್ಟಿಲೇ ಇಲ್ಲ. ಎರಡನೆಯ ಸಲ ತಪ್ಪಿದವನಿಗೆ ಆ ದಂಡದ ಹಾದಿಯೂ ಮುಚ್ಚಿರುತ್ತದೆ. ನಾನು ಹೇಳಿದ ಹುಡುಗನ ಪ್ರಕರಣದಲ್ಲಿ ನ್ಯಾಯಾಧೀಶರು ಅವನ ಮಾತನ್ನು ತಾಳ್ಮೆಯಿಂದ ಕೇಳಿ ದಂಡವನ್ನಷ್ಟೇ ಹಾಕಿದರು. ಆದರೆ ಅಲ್ಲಿಗೆ ಬರುವಷ್ಟರಲ್ಲಿ, ಹೊಸ ಜಾಮೀನು ಒದಗಿಸಲು ಯಾರೂ ಇಲ್ಲದ ಕಾರಣ, ಅವನು ಜೈಲು ಕಂಡಾಗಿತ್ತು. ಯಾವ ಜಾಗದಿಂದ ಅವನನ್ನು ದೂರವಿಡಲೆಂದು ಪ್ರೊಬೇಷನ್ ಕೊಡಲಾಗಿತ್ತೋ ಅದೇ ಜಾಗಕ್ಕೆ ಅವನು ಸೇರಿದ್ದ. ಬೆಂಗಳೂರಿನ ಮೇಸ್ತ್ರಿ ಬೇರೆಯವನನ್ನು ಕೆಲಸಕ್ಕೆ ಇಟ್ಟುಕೊಂಡಿದ್ದ, ಮುಂಗಡದ ಸಾಲ ಮಾತ್ರ ಹಾಗೆಯೇ ಉಳಿದಿತ್ತು.

ಇನ್ನೂ ಒಂದು ನಷ್ಟವಿದೆ, ಅದು ಕಣ್ಣಿಗೆ ಕಾಣುವುದಿಲ್ಲ. 12ನೇ ಕಲಂ ಪ್ರಕಾರ ಪ್ರೊಬೇಷನ್ ಮೇಲೆ ಬಿಡುಗಡೆಯಾದವನಿಗೆ, ಅಪರಾಧ ಸಾಬೀತಾದ ಕಾರಣಕ್ಕೆ ಬೇರೆ ಕಾನೂನುಗಳಡಿ ಅಂಟಿಕೊಳ್ಳುವ ಅನರ್ಹತೆ ಅಂಟುವುದಿಲ್ಲ. ಆದರೆ ಷರತ್ತು ಮುರಿದು ನಂತರ ಮೂಲ ಅಪರಾಧಕ್ಕೆ ಶಿಕ್ಷೆಯಾದರೆ ಈ ರಕ್ಷಣೆ ಹೊರಟುಹೋಗುತ್ತದೆ. ರಕ್ಷಣೆ ಇದ್ದಾಗಲೂ ಅದಕ್ಕೊಂದು ಮಿತಿ ಇದೆ: ಅಪರಾಧ ಸಾಬೀತಾದ ಸಂಗತಿ ಅಳಿಸಿಹೋಗುವುದಿಲ್ಲ, ಇಲಾಖೆಯ ಕ್ರಮಕ್ಕೆ ಅದು ಅಡ್ಡಿಯಲ್ಲ ಎಂದು 1990ರ ಬಕ್ಷಿ ರಾಮ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿದೆ. ಕಲ್ಯಾಣ ಕರ್ನಾಟಕದವರಿಗಿರುವ 371(ಜೆ) ಮೀಸಲಾತಿಯಡಿ ಪೊಲೀಸ್ ಕೆಲಸಕ್ಕೋ ಸಾರಿಗೆ ನಿಗಮದ ಚಾಲಕ ಹುದ್ದೆಗೋ ಅರ್ಜಿ ಹಾಕುವ ನಮ್ಮ ಹುಡುಗರು ದೃಢೀಕರಣ ನಮೂನೆಯಲ್ಲಿ ಈ ಸಂಗತಿಯನ್ನು ಮುಚ್ಚಿಡುತ್ತಾರೆ. ಕೇಳಿದ ಮಾಹಿತಿಯನ್ನು ಸತ್ಯವಾಗಿ ಕೊಡಬೇಕು, ಮುಚ್ಚಿಟ್ಟದ್ದೇ ನೇಮಕಾತಿ ರದ್ದಾಗಲು ಕಾರಣವಾಗಬಹುದು ಎಂಬುದನ್ನು 2016ರ ಅವತಾರ್ ಸಿಂಗ್ ತೀರ್ಪು ಹೇಳಿದೆ. ಇದನ್ನೂ ಅವರಿಗೆ ಸಹಿಯ ದಿನವೇ ಹೇಳಬೇಕು.

ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಹೇಳಬೇಕೆಂದು ಕಾಯ್ದೆಯೇ ವಿಧಿಸಿದೆ. 4ನೇ ಕಲಮಿನ 5ನೇ ಉಪಕಲಂ ಪ್ರಕಾರ, ಮೇಲ್ವಿಚಾರಣೆಯ ಆದೇಶ ಮಾಡುವ ನ್ಯಾಯಾಲಯವು ಅದರ ಷರತ್ತುಗಳನ್ನು ಅಪರಾಧಿಗೆ ವಿವರಿಸಬೇಕು, ಆದೇಶದ ಒಂದೊಂದು ಪ್ರತಿಯನ್ನು ಅವನಿಗೂ, ಜಾಮೀನುದಾರರಿದ್ದರೆ ಅವರಿಗೂ, ಪರಿವೀಕ್ಷಣಾಧಿಕಾರಿಗೂ ತಕ್ಷಣ ಕೊಡಬೇಕು. ವಿವರಿಸುವುದೆಂದರೆ ಕೇಳುವವನಿಗೆ ಅರ್ಥವಾಗುವುದು. ಮನೆಯಲ್ಲಿ ಲಂಬಾಣಿ ಆಡುವ ಹುಡುಗನಿಗೆ, ಉರ್ದು ಮಾತ್ರ ಬಲ್ಲ ಹೆಂಗಸಿಗೆ, ಆಳಂದದ ಗಡಿಯ ಮರಾಠಿ ಮಾತಿನವನಿಗೆ, ನೂರಾರು ಪ್ರಕರಣಗಳ ನಡುವೆ, ಇಂಗ್ಲಿಷ್ ಆದೇಶವನ್ನು ಅವಸರದಲ್ಲಿ ಹೇಳಿ ಮುಗಿಸಿದರೆ ಉಪಕಲಮಿನ ಉದ್ದೇಶ ಈಡೇರುವುದಿಲ್ಲ. ಇದಕ್ಕೆ ನಾನು ನ್ಯಾಯಾಧೀಶರನ್ನು ದೂರುತ್ತಿಲ್ಲ, ಸಿಬ್ಬಂದಿಯನ್ನೂ ದೂರುತ್ತಿಲ್ಲ. ಅವರ ಮೇಲಿನ ಕೆಲಸದ ಹೊರೆಯನ್ನು ದಿನವೂ ನೋಡುತ್ತೇನೆ. ಆ ಮೇಜಿನ ಪಕ್ಕದಲ್ಲಿ ಇನ್ನೊಬ್ಬರು ಕುಳಿತಿರಬೇಕು ಎಂಬುದಷ್ಟೇ ನನ್ನ ಬೇಡಿಕೆ, ಮತ್ತು ಆ ಇನ್ನೊಬ್ಬರನ್ನು ಒದಗಿಸುವ ಶಕ್ತಿ ಇರುವುದು ತಮ್ಮ ಪ್ರಾಧಿಕಾರಕ್ಕೆ.

ಗುಳೆಯ ವಿಷಯದಲ್ಲಂತೂ ಕಾಯ್ದೆ ಜನರು ತಿಳಿದಿರುವುದಕ್ಕಿಂತ ಎಷ್ಟೋ ಉದಾರವಾಗಿದೆ. ಬಿಡುಗಡೆಯಾಗುವವನಿಗೆ ಅಥವಾ ಅವನ ಜಾಮೀನುದಾರನಿಗೆ ಖಾಯಂ ವಾಸಸ್ಥಳವೋ ನಿಯತ ಉದ್ಯೋಗವೋ ಇರಬೇಕೆಂದು 4ನೇ ಕಲಂ ಕೇಳುತ್ತದೆ ನಿಜ; ಆದರೆ ಅದು ನ್ಯಾಯಾಲಯದ ವ್ಯಾಪ್ತಿಯಲ್ಲೇ ಇರಬೇಕೆಂದಿಲ್ಲ, ಮುಚ್ಚಳಿಕೆಯ ಅವಧಿಯಲ್ಲಿ ಅವನು ವಾಸ ಮಾಡುವ ಸಾಧ್ಯತೆ ಇರುವ ಸ್ಥಳದಲ್ಲೂ ಇರಬಹುದು. 8ನೇ ಕಲಂ ಪ್ರಕಾರ ಪರಿವೀಕ್ಷಣಾಧಿಕಾರಿಯು ಅರ್ಜಿ ಹಾಕಿದರೆ ನ್ಯಾಯಾಲಯ ಷರತ್ತುಗಳನ್ನು ಬದಲಿಸಬಹುದು, ಅವಧಿಯನ್ನು ಕಡಿಮೆ ಮಾಡಬಹುದು ಅಥವಾ ಮೂಲ ಆದೇಶದಿಂದ ಮೂರು ವರ್ಷ ಮೀರದಂತೆ ಹೆಚ್ಚಿಸಬಹುದು, ನಡತೆ ಚೆನ್ನಾಗಿದ್ದು ಇನ್ನು ನಿಗಾ ಬೇಕಿಲ್ಲ ಎನಿಸಿದರೆ ಮುಚ್ಚಳಿಕೆಯಿಂದಲೇ ಬಿಡುಗಡೆ ಮಾಡಬಹುದು. 13ನೇ ಕಲಂ ಇನ್ನೂ ಮುಂದೆ ಹೋಗುತ್ತದೆ: ಆದೇಶ ಮಾಡಿದ ನ್ಯಾಯಾಲಯವಾಗಲಿ, ಅಪರಾಧಿಯು ಸದ್ಯ ವಾಸವಿರುವ ಜಿಲ್ಲೆಯ ಜಿಲ್ಲಾ ಮ್ಯಾಜಿಸ್ಟ್ರೇಟರಾಗಲಿ, ಆದೇಶದಲ್ಲಿ ಹೆಸರಿಸಿದ ಅಧಿಕಾರಿಯ ಬದಲಿಗೆ ಬೇರೆ ಪರಿವೀಕ್ಷಣಾಧಿಕಾರಿಯನ್ನು ಯಾವಾಗ ಬೇಕಾದರೂ ನೇಮಿಸಬಹುದು. ಅಂದರೆ ಚಿಂಚೋಳಿಯ ಹುಡುಗ ನಾಲ್ಕು ತಿಂಗಳು ಬೆಂಗಳೂರಿನಲ್ಲಿದ್ದರೆ ಅಲ್ಲಿನ ಅಧಿಕಾರಿಯ ಮುಂದೆಯೇ ಹಾಜರಿ ಹಾಕುವ ವ್ಯವಸ್ಥೆ ಕಾನೂನಿನಲ್ಲಿ ಇದೆ. ದುಡಿಯಲು ಊರು ಬಿಡುವ ಜನರನ್ನು 1958ರಲ್ಲೇ ಗಮನದಲ್ಲಿಟ್ಟುಕೊಂಡಂತಿರುವ ಈ ಅವಕಾಶವನ್ನು ನಮ್ಮ ಭಾಗದಲ್ಲಿ ಬಳಸಿಕೊಂಡವರನ್ನು ನಾನು ಕಂಡಿಲ್ಲ. ಇದನ್ನು ಕೇಳಿ ಪಡೆಯಬೇಕಾದವನಿಗೆ ಇದು ಇದೆಯೆಂದೇ ಗೊತ್ತಿಲ್ಲ.

ಗೊತ್ತಿದ್ದವರೂ ಅಧಿಕಾರಿಯ ಹತ್ತಿರ ಹೋಗಲು ಅಂಜುತ್ತಾರೆ. ಪರಿವೀಕ್ಷಣಾಧಿಕಾರಿ ಎಂದರೆ ಇನ್ನೊಬ್ಬ ಪೊಲೀಸ್ ಎಂಬ ಭಾವನೆ ನಮ್ಮ ಹಳ್ಳಿಗಳಲ್ಲಿ ಗಟ್ಟಿಯಾಗಿ ಬೇರೂರಿದೆ. ಆದರೆ 14ನೇ ಕಲಂ ಅವರಿಗೆ ಒಪ್ಪಿಸಿರುವ ಕೆಲಸಗಳನ್ನು ನೋಡಿದರೆ ಚಿತ್ರ ಬೇರೆಯೇ ಆಗಿದೆ: ಆರೋಪಿಯ ಮನೆ, ಪರಿಸರ, ಸನ್ನಿವೇಶಗಳನ್ನು ವಿಚಾರಿಸಿ ನ್ಯಾಯಾಲಯಕ್ಕೆ ನೆರವಾಗುವುದು, ಬಿಡುಗಡೆಯಾದವರ ಮೇಲೆ ನಿಗಾ ಇಡುವುದು, ಅಗತ್ಯವಿದ್ದಲ್ಲಿ ಅವರಿಗೆ ತಕ್ಕ ಉದ್ಯೋಗ ಹುಡುಕಿಕೊಡಲು ಪ್ರಯತ್ನಿಸುವುದು, ಪರಿಹಾರದ ಹಣ ಕಟ್ಟಲು ಸಲಹೆ ಸಹಾಯ ನೀಡುವುದು. ಅವರು ನ್ಯಾಯಾಲಯಕ್ಕೆ ಕೊಡುವ ವರದಿ ಗೌಪ್ಯವೆಂದು 7ನೇ ಕಲಂ ಹೇಳುತ್ತದೆ. ವರದಿ ಗೌಪ್ಯವಾಗಿರಬೇಕಾದರೆ ವಿಚಾರಣೆಯೂ ಅಷ್ಟೇ ಸೂಕ್ಷ್ಮವಾಗಿರಬೇಕು, ಬಸ್ ನಿಲ್ದಾಣದ ಹೋಟೆಲಿನಲ್ಲಿ ಹತ್ತು ಜನರ ಎದುರು "ಆ ಹುಡುಗ ಹ್ಯಾಂಗ ಅದಾನ?" ಎಂದು ಕೇಳಿದರೆ ಮರುದಿನದಿಂದ ಅವನಿಗೆ ಆ ಊರಿನಲ್ಲಿ ಯಾರೂ ಕೆಲಸ ಕೊಡುವುದಿಲ್ಲ. ಬಹುಪಾಲು ಅಧಿಕಾರಿಗಳು ಈ ಎಚ್ಚರವನ್ನು ಪಾಲಿಸುತ್ತಾರೆ, ಕೆಲವರಂತೂ ಹುಡುಗರ ಪಾಲಿಗೆ ಮನೆಯ ಹಿರಿಯರಂತೆ ನಡೆದುಕೊಂಡಿದ್ದಾರೆ. ಅವರಲ್ಲಿ ಒಬ್ಬರು ಕಳವಿನ ಕೇಸಿನ ಹುಡುಗನನ್ನು ಗ್ಯಾರೇಜಿಗೆ ಸೇರಿಸಿ, ಮಾಲೀಕನಿಗೆ ತಾವೇ ಖಾತ್ರಿ ನೀಡಿದ್ದು ನನಗೆ ಗೊತ್ತು. ಆ ಹುಡುಗ ಮುಚ್ಚಳಿಕೆಯ ಅವಧಿ ಮುಗಿಸಿ ಈಗಲೂ ಅಲ್ಲೇ ಟೈರ್ ಬಿಚ್ಚುತ್ತಿದ್ದಾನೆ.

ಜಾಮೀನು ನಿಲ್ಲುವವರ ಬಗ್ಗೆಯೂ ಹೇಳಬೇಕು. ಪ್ರೊಬೇಷನ್ ಎಂಬ ಪದ್ಧತಿ ಶುರುವಾದದ್ದೇ ಒಬ್ಬ ಜಾಮೀನುದಾರನಿಂದ. 1841ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಜಾನ್ ಅಗಸ್ಟಸ್ ಎಂಬ ಚಮ್ಮಾರಿಕೆಯ ಕಸುಬಿನವನು ಕುಡಿತದ ಆರೋಪದ ಮೇಲೆ ಕೋರ್ಟಿಗೆ ಬಂದವನೊಬ್ಬನಿಗೆ ತಾನೇ ಜಾಮೀನು ನಿಂತು, ಮನೆಗೆ ಕರೆದೊಯ್ದು, ತಿದ್ದಿ ಮರಳಿ ಕರೆತಂದಿದ್ದ. ನಮ್ಮಲ್ಲಿ ಈ ಕೆಲಸ ಮಾಡುವವರು ಸೋದರಮಾವಂದಿರು, ಅಣ್ಣಂದಿರು, ಓಣಿಯ ಹಿರಿಯರು. ಪಹಣಿ ಕೊಟ್ಟು ಸಹಿ ಹಾಕಿದ ಮೇಲೆ ತಮ್ಮ ಕೆಲಸ ಮುಗಿಯಿತೆಂದು ಅವರು ತಿಳಿಯುತ್ತಾರೆ. ಷರತ್ತು ಮುರಿದರೆ ಸಮನ್ಸ್ ಅವರಿಗೂ ಬರುತ್ತದೆ, ಮುಚ್ಚಳಿಕೆಯ ಹಣ ಜಪ್ತಿಯಾದರೆ ವಸೂಲಿ ಅವರಿಂದಲೂ ಆಗಬಹುದು. ಷರತ್ತು ಬದಲಾಯಿಸುವ ಮುನ್ನ ಅವರ ಮಾತನ್ನೂ ಕೇಳಬೇಕು. ಅವರು ಒಪ್ಪದಿದ್ದರೆ ಹೊಸ ಮುಚ್ಚಳಿಕೆ ಬರೆಸಲು ನ್ಯಾಯಾಲಯ ಹೇಳಬಹುದು, ಅದನ್ನು ಒದಗಿಸದಿದ್ದರೆ ಹುಡುಗನಿಗೆ ಮೂಲ ಅಪರಾಧಕ್ಕೆ ಶಿಕ್ಷೆಯೂ ಆಗಬಹುದು. ಗುಳೆ ಹೋಗುವಾಗ ಮೊದಲು ಗೊತ್ತಾಗುವುದು ಜಾಮೀನು ನಿಂತ ಮಾವನಿಗೆ. ಹೋಗುವ ಮುನ್ನ ಅಧಿಕಾರಿಗೆ ತಿಳಿಸಬೇಕೆಂಬುದು ಆ ಮಾವನಿಗೆ ಗೊತ್ತಿದ್ದರೆ ಅರ್ಧ ಕೆಲಸ ಅಲ್ಲೇ ಆಗುತ್ತದೆ.

ಆದ್ದರಿಂದ ತಮ್ಮಲ್ಲಿ ಕೇಳಿಕೊಳ್ಳುವುದು ಹೀಗಿದೆ. ಜಿಲ್ಲೆಯ ಯಾವುದೇ ನ್ಯಾಯಾಲಯದಲ್ಲಿ ಪ್ರೊಬೇಷನ್ ಆದೇಶವಾದ ದಿನ, ತಾಲ್ಲೂಕು ಕಾನೂನು ಸೇವೆಗಳ ಸಮಿತಿಯ ಒಬ್ಬ ಪ್ಯಾನಲ್ ವಕೀಲರೋ ಪ್ಯಾರಾ ಲೀಗಲ್ ಸ್ವಯಂಸೇವಕರೋ ಆ ವ್ಯಕ್ತಿಯನ್ನೂ ಜಾಮೀನುದಾರರನ್ನೂ ಕೂಡಿಸಿಕೊಂಡು, ಅವರಾಡುವ ಮಾತಿನಲ್ಲೇ ಷರತ್ತುಗಳನ್ನು ಓದಿ ಹೇಳಿ, ಕನ್ನಡದ ಒಂದು ಪುಟದ ಸಾರಾಂಶವನ್ನು ಕೈಗೆ ಕೊಡುವಂತಾಗಬೇಕು. ಆ ಪುಟದಲ್ಲಿ ಮುಚ್ಚಳಿಕೆ ಮುಗಿಯುವ ದಿನಾಂಕ, ಅಧಿಕಾರಿಯ ಕಚೇರಿ ಎಲ್ಲಿದೆ, ಹಾಜರಿಯ ದಿನ ಯಾವುದು, ಊರು ಬಿಡಬೇಕಾದರೆ ಏನು ಮಾಡಬೇಕು, ವಾರಂಟ್ ಬಂದರೆ ಯಾರನ್ನು ಕಾಣಬೇಕು ಎಂಬುದಿದ್ದರೆ ಸಾಕು. ಉಚಿತ ಕಾನೂನು ನೆರವಿನ 15100 ಸಂಖ್ಯೆಯೂ ಅಲ್ಲೇ ಇರಲಿ. ಬಂಧನದಲ್ಲಿರುವವರಿಗೆ, ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಡಿ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ. ಆದರೆ ಷರತ್ತು ಉಲ್ಲಂಘನೆಯ ವಿಚಾರಣೆಗೂ ಆ ನೆರವು ಕೇಳಬಹುದೆಂದು ಎಷ್ಟು ಜನರಿಗೆ ಗೊತ್ತಿದೆ? ಅಂಥ ವಿಚಾರಣೆಗಳಲ್ಲಿ ಮೊದಲ ದಿನವೇ ವಕೀಲರೊಬ್ಬರು ಪಕ್ಕದಲ್ಲಿರುವಂತೆ ತಾವು ನೋಡಿಕೊಂಡರೆ, ಐವತ್ತು ರೂಪಾಯಿಯ ತಪ್ಪಿಗೆ ಜೈಲಿನಲ್ಲಿ ರಾತ್ರಿ ಕಳೆಯುವುದು ತಪ್ಪುತ್ತದೆ.

ಊರು ಬಿಡುವವರಿಗಾಗಿ ಒಂದು ಸರಳ ಅರ್ಜಿ ನಮೂನೆಯೂ ಬೇಕು. ಎಲ್ಲಿಗೆ ಹೋಗುತ್ತೇನೆ, ಯಾರ ಕೈಕೆಳಗೆ ಕೆಲಸ, ಮೊಬೈಲ್ ಸಂಖ್ಯೆ ಏನು, ಯಾವಾಗ ಮರಳುತ್ತೇನೆ ಎಂದು ತುಂಬಿ ಪರಿವೀಕ್ಷಣಾಧಿಕಾರಿಗೆ ಕೊಟ್ಟರೆ ಅವರು ಅದರ ಆಧಾರದ ಮೇಲೆ 8ನೇ ಕಲಂ ಅರ್ಜಿ ಹಾಕಬಹುದು, ಅಥವಾ ಬೇರೆ ಜಿಲ್ಲೆಯ ಅಧಿಕಾರಿಗೆ ಮೇಲ್ವಿಚಾರಣೆ ವರ್ಗಾಯಿಸಲು ಕೋರಬಹುದು. ಅನುಮತಿ ಬರುವ ಮುನ್ನ ಹೊರಟುಬಿಡಬಾರದು ಎಂಬುದನ್ನೂ ಆ ನಮೂನೆಯ ಮೇಲೆಯೇ ದಪ್ಪ ಅಕ್ಷರದಲ್ಲಿ ಬರೆಯಬೇಕು. ಹಳ್ಳಿಗಳಲ್ಲಿ ತಾವು ನಡೆಸುವ ಕಾನೂನು ಅರಿವು ಶಿಬಿರಗಳಲ್ಲಿ ಬಾಲ್ಯವಿವಾಹ, ಮೋಟಾರು ವಾಹನ ಕಾಯ್ದೆಗಳ ಜೊತೆಗೆ ಇದಕ್ಕೂ ಹತ್ತು ನಿಮಿಷ ಸಿಗಲಿ.

ಕಳವಾದ ಕೇಬಲ್ಲಿನ ರೈತನನ್ನು ನಾನು ಮರೆತಿಲ್ಲ. ಬೆಳೆ ಒಣಗುವ ಹೊತ್ತಿನಲ್ಲಿ ಅವನ ಮೋಟಾರು ನಿಂತಿತ್ತು, ಅವನ ಸಿಟ್ಟು ನ್ಯಾಯವಾದದ್ದೇ. 5ನೇ ಕಲಂ ಪ್ರಕಾರ ಪ್ರೊಬೇಷನ್ ಕೊಡುವಾಗಲೇ ನಷ್ಟ ಪರಿಹಾರವನ್ನೂ ವೆಚ್ಚವನ್ನೂ ಕಟ್ಟಿಕೊಡುವಂತೆ ನ್ಯಾಯಾಲಯ ಆದೇಶಿಸಬಹುದು. ಹುಡುಗ ಜೈಲಿಗೆ ಹೋದರೆ ರೈತನಿಗೆ ಒಂದು ರೂಪಾಯಿಯೂ ಬರುವುದಿಲ್ಲ. ಬೆಂಗಳೂರಿನ ಕಟ್ಟಡದಲ್ಲಿ ದುಡಿದರೆ ಕಂತು ಕಂತಾಗಿಯಾದರೂ ಬರುತ್ತದೆ. ಆ ದುಡಿಮೆಯನ್ನು ಕಾನೂನಿನ ಒಳಗೇ ಇಟ್ಟುಕೊಳ್ಳುವ ದಾರಿ ಇರುವಾಗ ಅದನ್ನು ಉಲ್ಲಂಘನೆಯಾಗಲು ಬಿಡುವುದರಿಂದ ಇಬ್ಬರಿಗೂ ನಷ್ಟ.

ಸಾರಾಂಶದ ಪುಟ ಮತ್ತು ಅರ್ಜಿ ನಮೂನೆಯ ಕರಡುಗಳನ್ನು ಕನ್ನಡದಲ್ಲಿ ಸಿದ್ಧಪಡಿಸಿ ಈ ಪತ್ರದ ಪ್ರತಿಯೊಂದಿಗೆ ತಮ್ಮ ಕಚೇರಿಗೆ ಸಲ್ಲಿಸಿದ್ದೇನೆ. ತಿದ್ದುಪಡಿ ಬೇಕಿದ್ದರೆ ತಮ್ಮ ಪ್ಯಾನಲ್ ವಕೀಲರೊಂದಿಗೆ ಕುಳಿತು ತಿದ್ದಿಕೊಡಲು ಸಿದ್ಧಳಿದ್ದೇನೆ. ಲಂಬಾಣಿ ಮತ್ತು ಉರ್ದುವಿನಲ್ಲಿ ಓದಿ ಹೇಳಬಲ್ಲ ಕಿರಿಯ ವಕೀಲರು ನಮ್ಮ ಸಂಘದಲ್ಲೇ ಇದ್ದಾರೆ, ಅವರಲ್ಲಿ ಕೆಲವರು ಒಪ್ಪಿದ್ದಾರೆ. ತೊಗರಿ ರಾಶಿ ಮುಗಿಯುವ ಮುನ್ನ, ಅಂದರೆ ಗುಳೆಯ ಬಸ್ಸುಗಳು ತುಂಬಲು ಶುರುವಾಗುವ ಮುನ್ನ, ಕನಿಷ್ಠ ಚಿಂಚೋಳಿ ಮತ್ತು ಸೇಡಂ ತಾಲ್ಲೂಕುಗಳಲ್ಲಾದರೂ ಇದನ್ನು ಪ್ರಾರಂಭಿಸಬೇಕೆಂದು ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ವಕೀಲೆ,
ಕಲಬುರಗಿ